ನಾಕು ಮೂಲಿ

ಮುಚ್ಚಳ ಹಾಕಿಸಿದ ಮೇಲೂ ಬೆಲ್ಲ ತೊಯ್ದಿತ್ತು.
ಮೂರು ಪೆಂಟಿ. ಎಡಗಡೆ ಮುಂದಿನ ಮೂಲಿಯವು.
ಮಹಾಲಿಂಗಪುರದಿಂದ ಮುಧೋಳ ಎಷ್ಟು ದೂರ?
ಅಷ್ಟರಾಗ ಒಂದು ಅಡ್ಡಮಳಿ.
ಪೆಂಟಿ ಕರಗಿದ್ದನ್ನ ಗೋಣಿಚೀಲ ಕುಡದಿತ್ತು,
ಚೀಲ ಕುಡದು ಬಿಟ್ಟದ್ದಕ್ಕ
ಇರುವಿ ಬಂದಿದ್ದವು.

ಜಮಖಂಡಿ ರಸ್ತೆಯ ಗ್ಯಾರೇಜಿನಾಗ
ಮೌಲಾಲಿ ಅತ್ತಾರ ಮುಚ್ಚಳ ಎತ್ತಲಿಲ್ಲ.
ಪಿಕಪ್ಪಿನ ಬಗಲಿಗೆ ಬಗ್ಗಿ
ಇರುವಿ ಸಾಲು ನೋಡಿದ, ಭಾಳ ಹೊತ್ತು.
"ಇವು ಬಂದ ದಾರಿನ ನೀರು ಬಂದ ದಾರಿ, ಅಕ್ಕಾರ.
ನನಗಿಂತ ಮದಲ ಹುಡುಕ್ಯಾವ."

ನಾನು ಜಗಳಕ್ಕ ತಯಾರಾಗೇ ಬಂದಾಕಿ.
ನಲವತ್ತು ಸಾವಿರದ ಮುಚ್ಚಳ,
ಒಂದು ಹನಿ ಒಳಗ ಬಂದರ ಕೇಳ್ರಿ ಅಂತ
ಎದಿ ತಟ್ಟಿ ಮಾರಿದ್ದ ಹುಬ್ಬಳ್ಳಿಯಂವ.
"ನೀರು ಬಂದ ಬರ್ತೈತ್ರಿ," ಅಂದ ಮೌಲಾಲಿ,
"ಇಲ್ಲಂದ್ರ ಅಂಚಿಗುಂಟ ಈ ಗಟಾರ ಯಾಕ ಮಾಡ್ತಿದ್ರು?
ಬಂದದ್ದು ಹೋಗಾಕ ನಳಿಗಿ ಹಾಕಿಲ್ಲ. ಅಷ್ಟ."

ಅಷ್ಟ ಅಂದದ್ದಕ್ಕ ಅರ್ಧ ದಿನ ಹಿಡೀತು.

ಹನಿ ನೀರಾವರಿಯ ಕರಿ ಪೈಪು ಮುಟ್ಟಿ ನೋಡಿ ಒಗದ,
ಬಿರುಸು, ಬಾಗಾಂಗಿಲ್ಲ.
ತಿಳಿ ಪ್ಲಾಸ್ಟಿಕಿನ ಸುರುಳಿ ತಂದು
ನಾಕು ತುಂಡು ಕೊಯ್ದ, ಒಂದೊಂದಕ್ಕೂ
ಒಂದು ಗೇಣು ಹೆಚ್ಚಿಗಿ.
ನಳಿಗಿ ಬಾಯಿ ಸಣ್ಣದು, ಮೂಲಿಯ ಮೂತಿ ದಪ್ಪ.
ಹುಡುಗ ಬಸಲಿಂಗನ್ನ ಚಾದ ಅಂಗಡಿಗೆ ಓಡಿಸಿದ:
"ಕುದಿಯೂ ನೀರು ತಾ, ಪುಡಿ ಹಾಕೂಕಿಂತ ಮದಲಿಂದು!"
ಹುಡುಗ ತಡಾ ಮಾಡಿದ.
ಕೆಂಪನ ನೀರಿನಾಗ ನಳಿಗಿಯ ತುದಿ ಅದ್ದಿ
ಹತ್ತು ಎಣಿಸಿ ತಗದರ
ಕೂಸಿನ ಕಿವಿಯಾಂಗ ಮೆತ್ತಗ.
ಒತ್ತಿದ. ಕುಂತಿತು.

ಹೊಸಾ ತೂತು ಕೊರಿಯಲಿಲ್ಲ.
ಬಾಡಿಯ ತಳದಾಗ ಕಂಪನಿಯವರು
ರಬ್ಬರಿನ ಬಿರಡಿ ಹಾಕಿ ಮುಚ್ಚಿದ ತೂತು ಇದ್ದವು,
ಅವನ್ನ ತಗದು, ಅಲ್ಲಿಂದ ಕೆಳಗ ಇಳಿಸಿದ,
ಸೈಲೆನ್ಸರಿನಿಂದ ದೂರ.

ಚಾಸಿಯ ಕೆಳಗ ಬೆನ್ನ ಮೇಲೆ ಮಲಗಿ
ಕಟ್ಟಿದ್ದನ್ನ ಬಿಚ್ಚತಾನ, ಮತ್ತ ಕಟ್ಟತಾನ.
ಸಾಕು ಬಿಡೋ ತಮ್ಮಾ, ನೀರು ಇಳೀತೈತಿ ಅಂದೆ.
ಗಾಲಿಯ ಆಚಿಯಿಂದ ದನಿ ಅಷ್ಟ ಬಂತು:
"ಹೊಟ್ಟಿ ಬಿಡಬಾರದ್ರಿ ನಳಿಗಿ.
ನಡುವ ಜೋತು ಬಿದ್ದರ ಅಲ್ಲೇ ನಿಂದರತೈತಿ,
ನಿಂತದ್ದು ಒಳಗ ಹೊಳ್ಳತೈತಿ.
ಬಾಗಲಕೋಟಿ ದವಾಖಾನಿಯ ನರ್ಸಬಾಯಿ
ಏಳು ತಿಂಗಳ ನನಗ ಇದನ್ನ ಬೈದಾಳ.
ಅಪ್ಪನ ಮಂಚದ ಬುಡಕ ಇಂಥಾದ ಒಂದು ನಳಿಗಿ,
ರಾತ್ರಿ ನಿದ್ದಿಗಣ್ಣಾಗ ಎದ್ದು ಎದ್ದು
ಇಳಿಜಾರು ಸರಿ ಮಾಡ್ತಿದ್ದೆ."

ಪಾನಾ ಕೊಡು ಅಂದ ಬಸಲಿಂಗಗ.
ಹತ್ತನೇ ನಂಬರಿಂದು.

ಆಮ್ಯಾಲೆ ತಂಬಿಗಿ ತಗೊಂಡು ಒಂದೊಂದು ಮೂಲಿಗೆ ಸುರುವಿದ.
ಒಂದು ಬಂತು. ಎರಡು ಬಂತು. ಮೂರು.
ಬಲಗಡೆ ಹಿಂದಿಂದು ಬರಲಿಲ್ಲ.
ಸೈಕಲ್ ಕಡ್ಡಿ ಹಾಕಿ ಮೆಲ್ಲಕ ಜಗ್ಗಿದ:
ಕೆಮ್ಮಣ್ಣು, ಮತ್ತ ಕೆಮ್ಮಣ್ಣು,
ಅದರ ಹಿಂದ ಐದು ಹಸರು ಹುಳ,
ಸತ್ತಿಲ್ಲ, ಅಲಗಾಡವಲ್ಲವು.
ಕುಂಬಾರ ಹುಳದ ಮನಿ.
ಹುಬ್ಬಳ್ಳಿಯಂವ ಖಾಲಿ ಬಿಟ್ಟ ಮೂತಿಯಾಗ
ಯಾರಿಗೋ ಬಾಣಂತನದ ಬುತ್ತಿ ಕಟ್ಟಿ ಇಟ್ಟಿತ್ತು.
ಮೂವರೂ ಸುಮ್ಮನ ನೋಡಿದಿವಿ.
"ಏನ್ ಮಾಡೂದ್ರಿ," ಅಂದ, ನನ್ನ ಕೇಳಿದ್ದಲ್ಲ.
ಕಡ್ಡಿ ಒರಿಸಿ, ಮತ್ತ ತಂಬಿಗಿ ತುಂಬಿದ.

ಪೈಪಿಗೆ ಫೂಟಿನ ಲೆಕ್ಕ ಹಚ್ಚಿ ರೊಕ್ಕ ತಗೊಂಡ,
ಕೈಕೆಲಸಕ್ಕ ನೂರಾ ಐವತ್ತು.
ಅದರಾಗೂ ಇಪ್ಪತ್ತು ಮುರಕೊಂಡೆ. ವ್ಯಾಪಾರದ ಚಟ.
ತೊಯ್ದ ಪೆಂಟಿಯೊಳಗ ಚಲೋ ಉಳದದ್ದು ಒಡದು ಕೊಟ್ಟರ
ಬಸಲಿಂಗ ಇರುವಿ ಊದಿ ಬಾಯಿಗೆ ಹಾಕ್ಕೊಂಡ.

ಲೋಕಾಪುರ ದಾಟಿದ ಮ್ಯಾಲೆ ಕತ್ತಲಿ, ಮಳಿ.
ಹಿಂದಿನ ಮಾಲಿನ ಚಿಂತಿ
ಎರಡು ಮೈಲಿ ತಡಕೊಂಡೆ, ಮೂರನೇದಕ್ಕ ಆಗಲಿಲ್ಲ.
ಗಾಡಿ ಬಾಜೂ ಹಚ್ಚಿ, ಮೊಬೈಲಿನ ಬೆಳಕು ಹಿಡದು,
ಸೀರಿ ಮೊಣಕಾಲಿಗೆ ಎತ್ತಿ ರಸ್ತೆ ಮ್ಯಾಲೆ ಕುಕ್ಕರಗಾಲಿಲೆ ಕುಂತೆ.
ಗಾಡಿಯ ಹೊಟ್ಟಿ ಕೆಳಗ
ನಾಕು ಸಣ್ಣ ಧಾರಿ.
ಮೂರು ತಿಳಿ.
ಬಲಗಡೆ ಹಿಂದಿಂದು ಇನ್ನೂ ಕೆಂಪಗ ಹರೀತಿತ್ತು,
ಉಳದ ಮನಿ ತೊಳಕೋತ.

ಬೆಲ್ಲ ಮುಟ್ಟಿ ನೋಡಲಿಲ್ಲ. ನನ್ನ ಕೈ ತೊಯ್ದಿದ್ದವು.